ನಡೆಯದೆ ಹೋದ ಕಾಳಗಗಳು

(ಕಾರ್ಮಿಕ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಈ ಸಂಜೆಯ ಮಾತಿಗೆ ವಿಷಯ ಒದಗಿಸಿದವರು ಇಬ್ಬರು ಹುಡುಗರು. ಹೋದ ವಾರ ಮೊದಲ ಪಾಳಿ ಬಿಟ್ಟ ಹೊತ್ತಿನಲ್ಲಿ ಗೇಟಿನೆದುರಿನ ಚಹಾದಂಗಡಿಯಲ್ಲಿ ಅವರು ವಾದಕ್ಕೆ ಬಿದ್ದಿದ್ದರು. ಮಹಮದಾಲಿಯೂ ಮೈಕ್ ಟೈಸನ್ನನೂ ತಮ್ಮ ತಮ್ಮ ತುಂಬು ಪ್ರಾಯದಲ್ಲಿ ಎದುರುಬದುರು ನಿಂತಿದ್ದರೆ ಗೆಲ್ಲುತ್ತಿದ್ದವನು ಯಾರು? ಒಬ್ಬ ಆಲಿಯ ಕಾಲ್ಚಳಕದ ಕಡೆ, ಇನ್ನೊಬ್ಬ ಟೈಸನ್ನನ ಮುಷ್ಟಿಯ ಕಡೆ. ಚಹಾ ಆರಿಹೋಯಿತು, ವಾದ ಆರಲಿಲ್ಲ. ಕೊನೆಗೆ ನನ್ನನ್ನು ಕಂಡು, “ಮೇಷ್ಟ್ರೇ, ನೀವೇ ತೀರ್ಪು ಹೇಳಿ” ಎಂದರು. ನಾನು ತೀರ್ಪು ಹೇಳಲಿಲ್ಲ, ಭಾನುವಾರ ಬನ್ನಿ ಎಂದೆ. ಇಬ್ಬರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಸಂತೋಷ.

ಇಂಥ ವಾದದಲ್ಲಿ ತಪ್ಪೇನೂ ಇಲ್ಲ. ಗರಡಿಮನೆಯ ಕಟ್ಟೆಯ ಮೇಲೆ ಕೂತ ಹಿರಿಯರು ಸತ್ತ ಪೈಲ್ವಾನನಿಗೂ ಬದುಕಿರುವ ಪೈಲ್ವಾನನಿಗೂ ಜೋಡಿ ಕಟ್ಟುವುದನ್ನು ನಾವೆಲ್ಲ ಕೇಳಿದ್ದೇವೆ. ಅಮೆರಿಕದಲ್ಲಿ ಈ ಕೆಲಸಕ್ಕೆ ಗಣಕಯಂತ್ರವನ್ನೇ ಕೂರಿಸಿದರು. 1967ರಲ್ಲಿ ಮರ್ರೆ ವೊರೋನರ್ ಎಂಬ ರೇಡಿಯೋ ಕಾರ್ಯಕ್ರಮಗಳ ನಿರ್ಮಾಪಕ ಬೇರೆ ಬೇರೆ ಕಾಲದ ಹದಿನಾರು ಮಂದಿ ಹೆವಿವೇಟ್ ಮುಷ್ಟಿಮಲ್ಲರ ಲೆಕ್ಕಾಚಾರವನ್ನು ಯಂತ್ರಕ್ಕೆ ಉಣಿಸಿದ. ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಕಾಳಗವೆಂಬಂತೆ ರೇಡಿಯೋದಲ್ಲಿ ಬಿತ್ತರಿಸಿದ. 1899ರಿಂದ 1905ರವರೆಗೆ ಚಾಂಪಿಯನ್ ಆಗಿದ್ದ ಜಿಮ್ ಜೆಫ್ರೀಸನು ಆಲಿಯನ್ನು ಸೋಲಿಸಿದನೆಂದು ಆ ಯಂತ್ರ ಹೇಳಿತು. ಆಲಿ ಕೋರ್ಟಿಗೆ ಹೋದ. ರಾಜಿಯಾಗಿ, 1969ರಲ್ಲಿ ಆಲಿಯೂ ಎಂದೋ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೋನೂ ಕ್ಯಾಮೆರಾದ ಮುಂದೆ ಹೊಡೆದಾಡುವಂತೆ ನಟಿಸಿದರು. 1970ರ ಜನವರಿಯಲ್ಲಿ ಆ ಚಿತ್ರ ತೆರೆಗೆ ಬಂತು. ಅಮೆರಿಕದಲ್ಲಿ ತೋರಿಸಿದ ಪ್ರತಿಯಲ್ಲಿ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದ. ಯೂರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಆಲಿ ಗೆದ್ದ! ತಕ್ಕಡಿ ಹಿಡಿದು ಬದುಕುವ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಯ ಮುಖ ನೋಡಿ ತೂಕ ಹಾಕಿದ್ದರು, ಅಷ್ಟೆ. ಆ ಹೊತ್ತಿನಲ್ಲಿ ಆಲಿಗೆ ನಿಜವಾದ ಕಣ ಇರಲಿಲ್ಲ ಎಂಬುದನ್ನೂ ನೆನಪಿಡಿ. ವಿಯಟ್ನಾಮ್ ಯುದ್ಧಕ್ಕೆ ಸೈನಿಕನಾಗಿ ಹೋಗಲಾರೆ ಎಂದದ್ದಕ್ಕೆ 1967ರಲ್ಲಿ ಅವನ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಂಡಿದ್ದರು.

ನಾನು ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟವನು. ಆದ್ದರಿಂದ ಹುಡುಗರ ವಾದದಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದು ಪದದ ತುದಿ: “ನಿಂತಿದ್ದರೆ”. ಈ “ದ್ದರೆ” ಎಂಬುದು ಎರಡು ಬಗೆ. ಆಲಿಯ ಕೊನೆಯ ಕಾಳಗ ನಡೆದದ್ದು 1981ರಲ್ಲಿ. ಟೈಸನ್ ಕಸುಬಿಗೆ ಇಳಿದದ್ದು 1985ರಲ್ಲಿ. ಇವರ ನಡುವೆ ಅಡ್ಡ ನಿಂತದ್ದು ಕಾಲ. ಕಾಲದ ಮೇಲೆ ಯಾರೂ ದಾವೆ ಹೂಡಲಾರರು. ಆದರೆ ಒಂದೇ ಕಾಲದಲ್ಲಿ, ಒಂದೇ ದೇಶದಲ್ಲಿ, ಒಂದೇ ಊರಿನ ಅಖಾಡಗಳಲ್ಲಿ ಪಳಗಿದ ಇಬ್ಬರು ಎದುರಾಗದೆ ಹೋದರೆ? ಒಬ್ಬ ಬಾಗಿಲು ತಟ್ಟುತ್ತಲೇ ಇದ್ದು, ಇನ್ನೊಬ್ಬ ಚಿಲಕ ತೆಗೆಯದೆ ಇದ್ದರೆ? ಅಲ್ಲಿ ಅಡ್ಡ ನಿಂತದ್ದು ಕಾಲವಲ್ಲ, ಮನುಷ್ಯರು. ಇಂದು ನಾನು ಹೇಳಹೊರಟಿರುವುದು ಈ ಎರಡನೆಯ ಬಗೆಯ ಕಾಳಗಗಳ ಮಾತು.

ಮೊದಲನೆಯದು ಜಾನ್ ಎಲ್. ಸಲಿವನ್ ಮತ್ತು ಪೀಟರ್ ಜಾಕ್ಸನ್ನರ ಜೋಡಿ. ಸಲಿವನ್ ಬಾಸ್ಟನ್ನಿನವನು. ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದ ಕೂಲಿಯ ಮಗ. 1882ರಲ್ಲಿ ಪಟ್ಟ ಗೆದ್ದ. 1889ರ ಜುಲೈಯಲ್ಲಿ ಮಿಸಿಸಿಪಿ ಸಂಸ್ಥಾನದ ಸುಡುಬಿಸಿಲಿನಲ್ಲಿ ಜೇಕ್ ಕಿಲ್ರೇನನೊಡನೆ ಬರಿಮುಷ್ಟಿಯಲ್ಲಿ 75 ಸುತ್ತು ಹೊಡೆದಾಡಿ ಗೆದ್ದ. ಒಬ್ಬ ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತೆಂದು ಲೆಕ್ಕ. ಒಬ್ಬನ ಕಡೆಯವರು ಸೋಲೊಪ್ಪುವ ತನಕ ಕಾಳಗ ನಿಲ್ಲುವುದಿಲ್ಲ. ನಮ್ಮ ನಿಕಾಲಿ ಕುಸ್ತಿಯಂತೆ ಎನ್ನಿ. ಬರಿಮುಷ್ಟಿಯ ಪಟ್ಟದ ಕೊನೆಯ ಕಾಳಗ ಅದೇ.

ಪೀಟರ್ ಜಾಕ್ಸನ್ ಹುಟ್ಟಿದ್ದು ಆಗ ಡೆನ್ಮಾರ್ಕಿನ ವಶದಲ್ಲಿದ್ದ ವೆಸ್ಟ್ ಇಂಡೀಸಿನ ಒಂದು ದ್ವೀಪದಲ್ಲಿ. ಹಡಗಿನಲ್ಲಿ ದುಡಿಯುತ್ತ ಆಸ್ಟ್ರೇಲಿಯ ಸೇರಿ, 1886ರಲ್ಲಿ ಅಲ್ಲಿಯ ಚಾಂಪಿಯನ್ ಆದ. ಅಮೆರಿಕಕ್ಕೆ ಬಂದು ಸಲಿವನ್ನನಿಗೆ ಸವಾಲು ಹಾಕಿದ. ಕರಿಯನೊಡನೆ ಕಣಕ್ಕಿಳಿಯುವುದಿಲ್ಲ ಎಂದ ಸಲಿವನ್. 1892ರಲ್ಲಿ ಪತ್ರಿಕೆಗಳ ಮೂಲಕ ಜಗತ್ತಿಗೆಲ್ಲ ಸವಾಲು ಹೊರಡಿಸಿದಾಗಲೂ ಕರಿಯರನ್ನು ಹೊರಗಿಟ್ಟೇ ಬರೆಸಿದ. ಜಗತ್ತಿಗೆಲ್ಲ ಸವಾಲಂತೆ, ಆದರೆ ಜಗತ್ತಿನ ಬಹುಪಾಲು ಮನುಷ್ಯರನ್ನು ಬಿಟ್ಟು!

ಹೊಡೆದಾಡಿದ್ದರೆ ಗೆಲ್ಲುತ್ತಿದ್ದವನು ಯಾರು? ಇದಕ್ಕೆ ಗಣಕಯಂತ್ರ ಬೇಡ, ಒಂದು ಸಾಕ್ಷಿ ಸಾಕು. 1891ರ ಮೇ ತಿಂಗಳಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಜಾಕ್ಸನ್ನನಿಗೂ ಜಿಮ್ ಕಾರ್ಬೆಟ್ ಎಂಬ ಬಿಳಿಯ ತರುಣನಿಗೂ ಕಾಳಗವಾಯಿತು. 61 ಸುತ್ತು ನಡೆದರೂ ಇಬ್ಬರೂ ಬೀಳಲಿಲ್ಲ. ಇನ್ನು ಕೈಯೆತ್ತುವ ಶಕ್ತಿ ಇಬ್ಬರಲ್ಲೂ ಉಳಿದಿಲ್ಲವೆಂದು ಪಂಚನು ತೀರ್ಪಿಲ್ಲದೆ ನಿಲ್ಲಿಸಿದ. ಆದಾದ ಹದಿನಾರು ತಿಂಗಳಿಗೆ, 1892ರ ಸೆಪ್ಟೆಂಬರಿನಲ್ಲಿ, ಅದೇ ಕಾರ್ಬೆಟ್ ನ್ಯೂ ಆರ್ಲಿಯನ್ಸಿನಲ್ಲಿ ಸಲಿವನ್ನನನ್ನು 21ನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿ ಪಟ್ಟ ಕಿತ್ತುಕೊಂಡ. 61 ಸುತ್ತಿನಲ್ಲಿ ಜಾಕ್ಸನ್ನನನ್ನು ಬೀಳಿಸಲಾರದವನು ಸಲಿವನ್ನನನ್ನು 21ರಲ್ಲಿ ಬೀಳಿಸಿದ. ಒಬ್ಬನ ಬಲವನ್ನು ಇನ್ನೊಬ್ಬನ ಮೂಲಕ ಅಳೆಯುವ ಈ ತ್ರೈರಾಶಿ ಪೂರ್ತಿ ನಂಬತಕ್ಕದ್ದಲ್ಲ, ಒಪ್ಪುತ್ತೇನೆ. 1882ರ ಸಲಿವನ್ ಬೇರೆ, ಕುಡಿತದಿಂದ ಊದಿಕೊಂಡ 1892ರ ಸಲಿವನ್ ಬೇರೆ. ಆದರೂ ಸವಾಲು ಬಂದ ವರ್ಷಗಳಲ್ಲಿ ಕಣಕ್ಕಿಳಿದಿದ್ದರೆ ಪಟ್ಟ ಜಾಕ್ಸನ್ನನದೇ ಆಗುತ್ತಿತ್ತೆಂದು ನನ್ನ ತೀರ್ಪು. ಅವನು 1901ರಲ್ಲಿ ಕ್ಷಯರೋಗದಿಂದ ಕ್ವೀನ್ಸ್‌ಲೆಂಡಿನಲ್ಲಿ ಸತ್ತ. ಚಾಂಪಿಯನ್ನರ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಎರಡನೆಯದು ಜೆಫ್ರೀಸ್ ಮತ್ತು ಜಾಕ್ ಜಾನ್ಸನ್ನರ ಜೋಡಿ. ಇದು ನಡೆಯಿತಲ್ಲ ಎನ್ನುವಿರಿ. ನಡೆಯಿತು, ಆದರೆ ನಡೆಯಬೇಕಾದ ಕಾಲದಲ್ಲಿ ನಡೆಯಲಿಲ್ಲ. ಜೆಫ್ರೀಸ್ ಬಾಯ್ಲರ್ ಕಾರ್ಖಾನೆಯಲ್ಲಿ ದುಡಿದವನು. ಎತ್ತಿನಂಥ ಮೈ, ಸುಮಾರು 220 ಪೌಂಡು ತೂಕ. 1902ರಲ್ಲಿ ಬಾಬ್ ಫಿಟ್ಸಿಮನ್ಸ್ ಎಂಬ ಹಳೆಯ ಕಮ್ಮಾರ, ತಾನೂ ಹಿಂದೆ ಚಾಂಪಿಯನ್ ಆಗಿದ್ದವನು, ಜೆಫ್ರೀಸನ ಮುಖವನ್ನು ಜಜ್ಜಿ ರಕ್ತ ಹರಿಸಿದ. ಜೆಫ್ರೀಸ್ ಅದನ್ನೆಲ್ಲ ತಿಂದುಕೊಂಡು ಎಂಟನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಪಟ್ಟಕ್ಕೆ ಬರುವ ಮುಂಚೆ ಈ ಜೆಫ್ರೀಸ್ ಕರಿಯರೊಡನೆ ಹೊಡೆದಾಡಿದ್ದ. 1898ರಲ್ಲಿ ಮುದಿಯಾಗಿದ್ದ ಪೀಟರ್ ಜಾಕ್ಸನ್ನನನ್ನೇ ಮೂರು ಸುತ್ತಿನಲ್ಲಿ ಸೋಲಿಸಿದ್ದ. ಪಟ್ಟ ಬಂದ ಮೇಲೆ ಮಾತ್ರ, ಕರಿಯನಿಗೆ ಅವಕಾಶ ಕೊಡುವುದಿಲ್ಲ ಎಂದ. ಇದನ್ನು ಗಮನಿಸಿ. ಕರಿಯನನ್ನು ಮುಟ್ಟಬಾರದೆಂಬ ನಿಯಮವಲ್ಲ ಅದು. ಅವನ ಬೆವರು ಆಗಬಹುದು, ರಕ್ತ ಆಗಬಹುದು, ಪಟ್ಟ ಮಾತ್ರ ಅವನ ಕೈಗೆ ಹೋಗಬಾರದು. ಇದನ್ನು ಆ ದೇಶದಲ್ಲಿ “ಬಣ್ಣದ ಗೆರೆ” ಎಂದು ಕರೆದರು.

ಜಾನ್ಸನ್ ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಬಂದರಿನವನು. ತಂದೆ ಗುಲಾಮಗಿರಿಯಲ್ಲಿ ಹುಟ್ಟಿ ಬಿಡುಗಡೆ ಕಂಡವನು. 1902ರಲ್ಲಿ ಜಾನ್ಸನ್ ಜೆಫ್ರೀಸನ ತಮ್ಮನನ್ನು ಐದು ಸುತ್ತಿನಲ್ಲಿ ಕೆಡವಿದ. 1903ರಲ್ಲಿ ಕರಿಯರಿಗೆಂದೇ ಬೇರೆ ಇಟ್ಟಿದ್ದ ಪಟ್ಟವನ್ನು ಗೆದ್ದ. ಹೌದು, ಪಟ್ಟದಲ್ಲೂ ಬೇರೆ ಪಂಕ್ತಿ! ಆದರೂ ಜೆಫ್ರೀಸ್ ಬಾಗಿಲು ತೆರೆಯಲಿಲ್ಲ. 1905ರಲ್ಲಿ ಸೋಲರಿಯದವನೆಂಬ ಹೆಸರು ಹೊತ್ತು ನಿವೃತ್ತನಾದ.

1904ರಲ್ಲಿ ಇವರಿಬ್ಬರು ಎದುರಾಗಿದ್ದರೆ? ನ್ಯಾಯವಾಗಿ ಮಾತಾಡೋಣ. ಜಾನ್ಸನ್ ಆಗ ಇನ್ನೂ ಪೂರ್ತಿ ಪಳಗಿರಲಿಲ್ಲ. 1905ರಲ್ಲಿ ಮಾರ್ವಿನ್ ಹಾರ್ಟ್ ಎಂಬವನಿಗೆ 20 ಸುತ್ತಿನ ತೀರ್ಪಿನಲ್ಲಿ ಸೋತಿದ್ದಾನೆ. ಜೆಫ್ರೀಸ್ ಆಗ ಇಪ್ಪತ್ತೊಂಬತ್ತರ ಗಂಡು, ಬಂಡೆ. ಜಾನ್ಸನ್ನನ ಬಲವೋ ತಾಳ್ಮೆಯಲ್ಲಿ. ಎದುರಾಳಿಯ ಏಟನ್ನು ಗಾಳಿಯಲ್ಲೇ ಕೈಯಿಂದ ತಡೆದು, ಅವನು ದಣಿದಾಗ ಕೆಳಗಿನಿಂದ ಗದ್ದಕ್ಕೆ ಎತ್ತಿ ಹೊಡೆಯುವವನು. 1904ರಲ್ಲಿ ನನ್ನ ತಕ್ಕಡಿ ಜೆಫ್ರೀಸನ ಕಡೆಗೇ ಒಂದು ಗುಲಗಂಜಿ ವಾಲುತ್ತದೆ. ನಮ್ಮ ಪಕ್ಷದವನು ಕರಿಯನನ್ನೇ ಗೆಲ್ಲಿಸಬೇಕೆಂಬ ನಿಯಮವಿಲ್ಲ. ನನ್ನ ವಾದ ಕರಿಯನು ಗೆಲ್ಲುತ್ತಿದ್ದ ಎಂಬುದಲ್ಲ. ಗೆಲ್ಲುವ ಹಕ್ಕಿನಷ್ಟೇ ದೊಡ್ಡದು ಸೋಲುವ ಹಕ್ಕು. ಜಾನ್ಸನ್ನನಿಗೆ ಅವರು ಕೊಡದೆ ಹೋದದ್ದು ಎರಡನ್ನೂ.

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ಆಗಿನ ಚಾಂಪಿಯನ್ ಟಾಮಿ ಬರ್ನ್ಸನನ್ನು ಜಾನ್ಸನ್ ಸಮುದ್ರ ದಾಟಿ ಹಿಂಬಾಲಿಸಿದ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಕಾಳಗವಾಯಿತು. ಬರ್ನ್ಸನಿಗೆ 30,000 ಡಾಲರು, ಜಾನ್ಸನ್ನನಿಗೆ 5,000. ಒಂದೇ ಕಣ, ಒಂದೇ ಕೆಲಸ, ಕೂಲಿ ಮಾತ್ರ ಆರಕ್ಕೆ ಒಂದು. ಕಣ ಕಟ್ಟಿಸಿದ ಹ್ಯೂ ಮೆಕಿಂಟಾಷ್ ಎಂಬ ವ್ಯಾಪಾರಿಯೇ ಪಂಚನಾಗಿ ನಿಂತಿದ್ದ. ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರು ನಡುವೆ ಬಂದು ನಿಲ್ಲಿಸಬೇಕಾಯಿತು, ಬರ್ನ್ಸ್ ಅಷ್ಟು ಪೆಟ್ಟು ತಿಂದಿದ್ದ. ಪಟ್ಟ ಜಾನ್ಸನ್ನನದಾಯಿತು.

ಇಲ್ಲಿ ನಮ್ಮ ಮನೆಯ ಮಾತೊಂದಿದೆ, ಮುಚ್ಚಿಡಬಾರದು. ಆ ದಿನ ಕಣದ ಪಕ್ಕದಲ್ಲಿ ಕೂತು ಪತ್ರಿಕೆಗೆ ಬರೆದವನು ಜ್ಯಾಕ್ ಲಂಡನ್. ಸಮಾಜವಾದಿ. ಓಕ್‌ಲೆಂಡ್ ನಗರದ ಮೇಯರ್ ಸ್ಥಾನಕ್ಕೆ ಸಮಾಜವಾದಿ ಪಕ್ಷದಿಂದ ಎರಡು ಸಲ ನಿಂತವನು. ದುಡಿಯುವವರ ದಂಗೆಯ ಮೇಲೆ ಕಾದಂಬರಿ ಬರೆದವನು. ತಿನ್ನಲು ಒಂದು ತುಂಡು ಮಾಂಸವಿಲ್ಲದೆ ಸೋಲುವ ಮುದಿ ಮುಷ್ಟಿಮಲ್ಲನೊಬ್ಬನ ಕಥೆಯನ್ನು ಮರುವರ್ಷವೇ ಪ್ರಕಟಿಸಿದವನು. ಅಂಥವನು ಜಾನ್ಸನ್ನನ ಕೌಶಲವನ್ನು ಕಣ್ಣಾರೆ ಕಂಡು, ಒಪ್ಪಿಕೊಂಡು, ಕೊನೆಗೆ ಏನು ಬರೆದ? ಬಿಳಿಯರ ಮಾನ ಉಳಿಸಲು ಜೆಫ್ರೀಸನು ಹೊಲಗದ್ದೆ ಬಿಟ್ಟು ಕಣಕ್ಕೆ ಮರಳಬೇಕೆಂದು ಕರೆ ಕೊಟ್ಟ. ಹೊಟ್ಟೆಯ ಹಸಿವನ್ನು ಅಷ್ಟು ಚೆನ್ನಾಗಿ ಕಂಡ ಕಣ್ಣಿಗೆ ಬಣ್ಣದ ಅನ್ಯಾಯ ಕಾಣಲಿಲ್ಲ. ಕೆಂಪು ಬಾವುಟ ಹಿಡಿದ ಮಾತ್ರಕ್ಕೆ ಮನಸ್ಸಿನ ಕೊಳೆ ತಾನಾಗಿ ತೊಳೆದುಹೋಗುವುದಿಲ್ಲ ಗೆಳೆಯರೆ.

ಜೆಫ್ರೀಸ್ ಬಂದ. ಸುಮಾರು ನೂರು ಪೌಂಡು ಕೊಬ್ಬು ಕರಗಿಸಿಕೊಂಡು, ಆರು ವರ್ಷ ಕಣ ಕಾಣದವನು, ಮೂವತ್ತೈದನೆಯ ವಯಸ್ಸಿನಲ್ಲಿ ಬಂದ. 1910ರ ಜುಲೈ 4ರಂದು ನೆವಾಡಾದ ರೀನೋ ಊರಿನಲ್ಲಿ ಕಾಳಗ. ಪಣ 1,01,000 ಡಾಲರು. ಕಣ ಕಟ್ಟಿಸಿದ ಟೆಕ್ಸ್ ರಿಕರ್ಡನೇ ಇಲ್ಲಿಯೂ ಪಂಚ. ಹದಿನೈದನೆಯ ಸುತ್ತಿನಲ್ಲಿ ಜೆಫ್ರೀಸ್ ಉರುಳಿದ. ಆ ರಾತ್ರಿ ಅಮೆರಿಕದ ಅನೇಕ ಊರುಗಳಲ್ಲಿ ಗಲಭೆಗಳಾದವು. ಹಲವರು ಸತ್ತರು, ಸತ್ತವರಲ್ಲಿ ಹೆಚ್ಚಿನವರು ಕರಿಯರು. ಗೆದ್ದವನು ಒಬ್ಬ, ಅದರ ದಂಡ ತೆತ್ತವರು ಅವನ ಹೆಸರನ್ನಷ್ಟೇ ಕೇಳಿದ್ದ ಬಡವರು. ಆ ಕಾಳಗದ ಚಿತ್ರವನ್ನು ಎಷ್ಟೋ ನಗರಗಳಲ್ಲಿ ನಿಷೇಧಿಸಿದರು. 1912ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಮುಷ್ಟಿಕಾಳಗದ ಚಿತ್ರಗಳನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸಬಾರದೆಂದು ಕಾನೂನನ್ನೇ ಮಾಡಿತು.

ಮೂರನೆಯ ಜೋಡಿಯನ್ನು ಹೇಳುವಾಗ ಜಾನ್ಸನ್ನನ ಅಭಿಮಾನಿಗಳು ಸಿಟ್ಟಾಗಬಾರದು. ಕೆನಡಾದ ನೋವಾ ಸ್ಕೋಷಿಯಾದಿಂದ ಬಂದ ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕರಿಯನಿದ್ದ. ಎತ್ತರ ಐದಡಿ ಏಳಂಗುಲದ ಆಸುಪಾಸು, ಆದರೆ ಎರಡು ಕೈಯಲ್ಲೂ ಸುತ್ತಿಗೆ. 1906ರಲ್ಲಿ ಜಾನ್ಸನ್ನನಿಗಿಂತ ಸುಮಾರು ಮೂವತ್ತು ಪೌಂಡು ಹಗುರವಾಗಿದ್ದೂ 15 ಸುತ್ತು ನಿಂತು ತೀರ್ಪಿನಲ್ಲಿ ಸೋತ. ಆಮೇಲೆ ಮೈತುಂಬಿಕೊಂಡ, ಇನ್ನೂ ಪಳಗಿದ, ಮತ್ತೊಂದು ಸಲ ಎದುರಾಗು ಎಂದು ವರ್ಷಗಟ್ಟಲೆ ಕೇಳಿದ. ಚಾಂಪಿಯನ್ ಜಾನ್ಸನ್ ಅವಕಾಶ ಕೊಡಲಿಲ್ಲ. ಇಬ್ಬರು ಕರಿಯರ ಕಾಳಗಕ್ಕೆ ಹಣ ಕೂಡುವುದಿಲ್ಲ ಎಂಬುದು ಕಾರಣ. ಪಟ್ಟದಲ್ಲಿದ್ದ ಏಳು ವರ್ಷಗಳಲ್ಲಿ ಪಟ್ಟವನ್ನು ಪಣಕ್ಕಿಟ್ಟು ಅವನು ಎದುರಿಸಿದ ಕರಿಯ ಒಬ್ಬನೇ, ಜಿಮ್ ಜಾನ್ಸನ್, 1913ರಲ್ಲಿ ಪ್ಯಾರಿಸಿನಲ್ಲಿ. ಅದೂ ಸಮವಾಯಿತು. 1910ರಲ್ಲಿ ಲ್ಯಾಂಗ್‌ಫರ್ಡ್ ಎದುರಾಗಿದ್ದರೆ ಉದ್ದ ತೋಳಿನ ಜಾನ್ಸನ್ನನೇ ಗೆಲ್ಲುತ್ತಿದ್ದ. 1913ರಲ್ಲಾದರೆ ನಾನು ಲ್ಯಾಂಗ್‌ಫರ್ಡನ ಕಡೆ.

ಹತ್ತಿದ ಏಣಿಯನ್ನು ಒದೆಯುವುದೆಂದರೆ ಇದೇ. ಜಾನ್ಸನ್ ದೊಡ್ಡ ಶೂರ. ಅವನ ಮೇಲೆ ಹೂಡಿದ ಕೇಸು ಅನ್ಯಾಯದ್ದು. 1913ರಲ್ಲಿ ಬಿಳಿಯ ಹೆಂಗಸರೊಡನೆ ಅವನಿಗಿದ್ದ ಸಂಬಂಧವನ್ನೇ ನೆಪಮಾಡಿ ಶಿಕ್ಷೆ ವಿಧಿಸಿದರು. ಆ ಶಿಕ್ಷೆಗೆ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ಕೊಟ್ಟದ್ದು 2018ರಲ್ಲಿ, ಅವನು ಸತ್ತು 72 ವರ್ಷವಾದ ಮೇಲೆ. ಇಷ್ಟೆಲ್ಲ ಅನುಭವಿಸಿದವನೂ ತನ್ನ ಹಿಂದೆ ಬಂದವನ ಮುಖಕ್ಕೆ ಅದೇ ಬಾಗಿಲು ಹಾಕಿದ. ಲ್ಯಾಂಗ್‌ಫರ್ಡ್, ಜೋ ಜೆನೆಟ್, ಸ್ಯಾಮ್ ಮೆಕ್‌ವೇ, ಹ್ಯಾರಿ ವಿಲ್ಸ್ ಇವರೆಲ್ಲ ಪಟ್ಟದ ದಾರಿ ಕಾಣದೆ ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿ ಹೊಟ್ಟೆ ಹೊರೆದರು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಹದಿನೈದಕ್ಕೂ ಹೆಚ್ಚು ಸಲ ಪರಸ್ಪರ ಎದುರಾದರು. ಲ್ಯಾಂಗ್‌ಫರ್ಡನ ಕಣ್ಣುಗಳೇ ಹೋದವು. 1944ರಲ್ಲಿ ಪತ್ರಕರ್ತನೊಬ್ಬ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯ ಒಂದು ಕೋಣೆಯಲ್ಲಿ ಅವನನ್ನು ಕುರುಡನಾಗಿ, ಕೈಯಲ್ಲಿ ಕಾಸಿಲ್ಲದವನಾಗಿ ಕಂಡುಹಿಡಿದ.

ನಾಲ್ಕನೆಯದು ಜಾಕ್ ಡೆಂಪ್ಸಿ ಮತ್ತು ಹ್ಯಾರಿ ವಿಲ್ಸರ ಜೋಡಿ. 1919ರಲ್ಲಿ ಪಟ್ಟ ಗೆದ್ದ ಕೂಡಲೆ ಡೆಂಪ್ಸಿಯೂ ಬಣ್ಣದ ಗೆರೆ ಎಳೆದ. ವಿಲ್ಸ್ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಹೊರೆ ಹೊತ್ತವನು, ಆರಡಿ ಮೀರಿದ ಆಳು. ಜನರ ಒತ್ತಾಯ ಬೆಳೆದು 1922ರಲ್ಲಿ ಇಬ್ಬರ ಒಪ್ಪಂದಕ್ಕೆ ರುಜುವೂ ಬಿತ್ತು. ಕಾಳಗ ನಡೆಯಲಿಲ್ಲ. ನ್ಯೂಯಾರ್ಕಿನ ಕ್ರೀಡಾ ಆಯೋಗ, ಮೊದಲು ವಿಲ್ಸನನ್ನು ಎದುರಿಸು ಎಂದು ಹಟ ಹಿಡಿದಾಗ, ರಿಕರ್ಡನು 1926ರಲ್ಲಿ ಡೆಂಪ್ಸಿ ಮತ್ತು ಜೀನ್ ಟನ್ನಿಯ ಕಾಳಗವನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಿಬಿಟ್ಟ. ಕಾರ್ಮಿಕ ಕಾನೂನು ಬಿಗಿಯಾದ ಊರಿನಿಂದ ಕಾರ್ಖಾನೆ ಕಿತ್ತು ಬೇರೆ ಊರಿಗೆ ಒಯ್ಯುವ ಧಣಿಗಳನ್ನು ನೀವು ಕಂಡಿದ್ದೀರಿ. ತಾನು ಸಿದ್ಧನಿದ್ದೆ, ಕಣ ಕಟ್ಟುವವರು ಬಿಡಲಿಲ್ಲ ಎಂದು ಡೆಂಪ್ಸಿ ಮುಂದೆ ಹೇಳಿಕೊಂಡ. ಇರಬಹುದು. ನನ್ನ ಲೆಕ್ಕದಲ್ಲಿ 1922ರ ಡೆಂಪ್ಸಿ, ಮೂವತ್ತಮೂರು ತುಂಬಿದ್ದ ವಿಲ್ಸನನ್ನು ಗೆಲ್ಲುತ್ತಿದ್ದ. ಹಾಗಿದ್ದೂ ಆ ಗೆಲುವು ಅವನ ಹೆಸರಿಗೆ ಸೇರಲಿಲ್ಲ. ಹೊರಗೆ ನಿಂತವನಿಗೆ ಮಾತ್ರವಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕೂತವನಿಗೂ ಇದು ನಷ್ಟವೇ. ಡೆಂಪ್ಸಿಯ ಹೆಸರಿನ ಪಕ್ಕದಲ್ಲಿ ಇಂದಿಗೂ ಒಂದು ಪ್ರಶ್ನೆ ಉಳಿದಿದೆ.

ಪೇಟೆಯ ಬಂಧುಗಳಲ್ಲಿ ಒಬ್ಬರು ಕೇಳಬಹುದು: ವ್ಯಾಪಾರವೆಂದರೆ ಹಾಗೆಯೇ ಅಲ್ಲವೆ, ಗಿರಾಕಿ ಒಪ್ಪದ ಸರಕನ್ನು ಅಂಗಡಿಯವನು ಇಡುತ್ತಾನೆಯೆ? ಇದಕ್ಕೆ ರೀನೋದ ಲೆಕ್ಕವೇ ಉತ್ತರ. ಕರಿಯನೂ ಬಿಳಿಯನೂ ಎದುರಾದ ಆ ಕಾಳಗಕ್ಕೆ ಕಟ್ಟಿದಷ್ಟು ಪಣವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಸರಕಿಗೆ ಗಿರಾಕಿ ಇದ್ದೇ ಇದ್ದ. ಅವರು ಹೆದರಿದ್ದು ನಷ್ಟಕ್ಕಲ್ಲ, ಫಲಿತಾಂಶಕ್ಕೆ. ಹತ್ತು ಡಾಲರಿಗೆ ದುಡಿಯುವ ಬಿಳಿಯ ಕೂಲಿಗೆ, ನಿನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನವನ್ನು ಸಂಬಳದ ಜೊತೆಗೆ ಪುಕ್ಕಟೆಯಾಗಿ ಕೊಟ್ಟಿದ್ದರು. ಕಣದ ನಡುವೆ ಆ ಸಮಾಧಾನ ಒಡೆದುಹೋದರೆ ಅವನು ಮರುದಿನ ಸಂಬಳವನ್ನೇ ಕೇಳಿಯಾನು! ಸಲಿವನ್ ಕೂಲಿಯ ಮಗ, ಜೆಫ್ರೀಸ್ ಬಾಯ್ಲರಿನವನು, ಫಿಟ್ಸಿಮನ್ಸ್ ಕಮ್ಮಾರ, ಜಾನ್ಸನ್ ಮತ್ತು ವಿಲ್ಸ್ ಬಂದರಿನವರು. ಎಲ್ಲರೂ ನಮ್ಮಂಥವರೇ. ಗೆರೆ ಎಳೆದದ್ದು ಇವರ ನಡುವೆ, ಹಣ ಎಣಿಸಿದ್ದು ರಿಕರ್ಡ್ ಮತ್ತು ಮೆಕಿಂಟಾಷರು.

1915ರಲ್ಲಿ ಹವಾನಾದಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ 22 ವರ್ಷ ಯಾವ ಕರಿಯನಿಗೂ ಆ ಪಟ್ಟಕ್ಕೆ ಹೊಡೆದಾಡುವ ಅವಕಾಶ ಸಿಗಲಿಲ್ಲ. 1937ರಲ್ಲಿ ಜೋ ಲೂಯಿಗೆ ಸಿಕ್ಕಿತು. ಅದೂ ಸುಂಕ ಕಟ್ಟಿದ ಮೇಲೆ. ಲೂಯಿಯ ಕಾಳಗಗಳನ್ನು ನಡೆಸುವವನು ಮುಂದಿನ ಹತ್ತು ವರ್ಷದ ಲಾಭದಲ್ಲಿ ಪಾಲು ಕೊಡುವೆನೆಂದು ಒಪ್ಪಿದ ಬಳಿಕವೇ ಎದುರು ಪಕ್ಷ ಕಣಕ್ಕೆ ಬಂತು. ಲೂಯಿ ಎಂಟನೆಯ ಸುತ್ತಿನಲ್ಲಿ ಗೆದ್ದ.

ದೂರದ ದೇಶದ ಸುದ್ದಿ ಹೇಳಿ ನಾನು ಒಳ್ಳೆಯವನಾಗಲಾರೆ. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಆಟೋಟದ ದಿನ ಓಟದ ಪಟ್ಟಿ ಬರೆಯುವಾಗ ಕೇರಿಯ ಹುಡುಗನೊಬ್ಬನ ಹೆಸರನ್ನು ಬಿಟ್ಟರು. ಬೂಟಿಲ್ಲ ಎಂಬುದು ಕಾರಣ. ಓಡಿದವರಲ್ಲಿ ಬೂಟಿದ್ದವರು ಇಬ್ಬರೇ. ಪಟ್ಟಿಯನ್ನು ಗೋಡೆಗೆ ಅಂಟಿಸಿದವನು ನಾನು. ಕಂಡೂ ಸುಮ್ಮನಿದ್ದೆ. ಆ ಹುಡುಗ ಬೇಲಿಯ ಹೊರಗೆ ನಿಂತು, ಒಳಗಿನವರು ಓಡುವಾಗ ತಾನೂ ಬೇಲಿಗುಂಟ ಓಡಿದ. ಮೊದಲು ಮುಟ್ಟಿದವನು ಯಾರೆಂದು ನಾನು ಹೇಳಲಾರೆ, ನಾನು ಆ ಕಡೆ ನೋಡಲಿಲ್ಲ. ಜ್ಯಾಕ್ ಲಂಡನ್ನನನ್ನು ಬಯ್ಯುವಾಗ ನನಗೆ ಆ ಬೇಲಿ ನೆನಪಾಗುತ್ತದೆ.

ಇದಕ್ಕೆ ಎದುರಾಗಿ ಇನ್ನೊಬ್ಬ ಸಮಾಜವಾದಿಯನ್ನು ನೆನೆದು ಮುಗಿಸುತ್ತೇನೆ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಡಾ. ರಾಮಮನೋಹರ ಲೋಹಿಯಾ ಅವರು 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸಿಸಿಪಿಗೆ ಹೋಗಿದ್ದರು. ಸಲಿವನ್ ಬರಿಮುಷ್ಟಿಯಲ್ಲಿ 75 ಸುತ್ತು ಹೊಡೆದಾಡಿದ ಸಂಸ್ಥಾನವೇ ಅದು. ಅಲ್ಲಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಊಟ ಬಡಿಸುವ ಹೋಟೆಲೊಂದರ ಬಾಗಿಲಲ್ಲಿ ಅವರನ್ನು ತಡೆದರು. ಅವರು ಮರುದಿನ ಮತ್ತೆ ಅದೇ ಬಾಗಿಲಿಗೆ ಹೋದರು. ಪೊಲೀಸರು ಹಿಡಿದರು. ಪಾರ್ಲಿಮೆಂಟಿನ ಸದಸ್ಯರು, ಬೇರೆ ಹೋಟೆಲಿನಲ್ಲಿ ಸುಖವಾಗಿ ಉಣ್ಣಬಹುದಾಗಿತ್ತು. ತಾವು ಅತಿಥಿ, ಅದು ಪರರ ಮನೆಯ ಜಗಳ ಎನ್ನಬಹುದಾಗಿತ್ತು. ಎನ್ನಲಿಲ್ಲ.

ಹಿಂದಿನ ಸಾಲಿನ ಹುಡುಗರೇ, ನಿಮಗೆ ಈಗ ತೀರ್ಪು. ಆಲಿಗೂ ಟೈಸನ್ನನಿಗೂ ಅಡ್ಡ ಬಂದದ್ದು ಕಾಲ ಮಾತ್ರ. ಆದ್ದರಿಂದ ಎಷ್ಟು ಬೇಕಾದರೂ ವಾದಿಸಿ, ಚಹಾ ಆರುವ ಮುಂಚೆ ಕುಡಿಯಿರಿ. ಆದರೆ ನಾಳೆ ಗೇಟಿನ ಬಳಿ ಮೇಸ್ತ್ರಿ ಕೆಲಸಕ್ಕೆ ಹೆಸರುಗಳ ಪಟ್ಟಿ ಅಂಟಿಸುತ್ತಾರೆ, ನಾಡಿದ್ದು ನಮ್ಮ ಸಂಘದ ಚುನಾವಣೆಗೂ ಪಟ್ಟಿ ಬರುತ್ತದೆ. ಆಗ ಅದರಲ್ಲಿ ಯಾರ ಹೆಸರಿದೆ ಎಂದು ಓದಿ ಹಿಂತಿರುಗಬೇಡಿ. ಯಾವ ಕೇರಿಯವನ ಹೆಸರಿಲ್ಲ, ಯಾವ ಹೆಂಗಸಿನ ಹೆಸರಿಲ್ಲ ಎಂದು ನೋಡಿ. ಇಲ್ಲದಿದ್ದರೆ ಸುಮ್ಮನೆ ಹೊರಡಬೇಡಿ. ನಮ್ಮ ಸಂಘದ ಪಟ್ಟಿಯಲ್ಲೇ ಆ ತಪ್ಪು ಕಂಡರೆ ಮೊದಲು ನನ್ನ ಬಳಿಗೆ ಬನ್ನಿ. ಈ ಸಲ ನಾನು ಸುಮ್ಮನಿರುವುದಿಲ್ಲ.